ಕಳಸ ಹೊತ್ತವನ ಕಿರುಮೆದುಳು

ಮಾಬ್ಲೇಶ್ವರ ಗುನಗನ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆ ಮನೆಯ ಬಾಳು ಹಾಳಾದದ್ದೇ ಈ ಒಂದು ಸಂಗತಿಯಿಂದ. ವಯಸ್ಸಾದವರ ಕೈ ಕೂತಲ್ಲಿಯೂ ನಡುಗುತ್ತದೆ, ಅದನ್ನು ಕಂಡು ಯಾರೂ ಅಡ್ಡ ಬೀಳುವುದಿಲ್ಲ. ಮಾಬ್ಲನ ಕೈ ಹಾಗಲ್ಲ. ಇಟ್ಟಲ್ಲಿ ಕಲ್ಲು. ಏನನ್ನಾದರೂ ಮುಟ್ಟಲು ಚಾಚಿದನೋ, ಆಗ ಶುರು, ಮುಟ್ಟಬೇಕಾದ್ದು ಹತ್ತಿರವಾದಷ್ಟೂ ನಡುಕ ಜೋರು. ಅಮ್ಮನವರ ಗುಡಿಯಲ್ಲಿ ಹರಿವಾಣದ ಹೂವಿಗೆ ಕೈ ಹಾಕಿದರೆ ಬೆರಳುಗಳು ಗಾಳಿಗೆ ಸಿಕ್ಕ ಬಾಳೆಎಲೆಯಂತೆ ಬಡಿದುಕೊಳ್ಳುತ್ತಿದ್ದವು. ಪ್ರಸಾದಕ್ಕೆ ಕೈ ಚಾಚಿದಾಗ ಮಾತ್ರ ಮೈ ನಡುಗುವವನನ್ನು ಕಂಡ ಊರು ಇನ್ನೇನು ತಿಳಿಯಬೇಕು ಹೇಳಿ? ಚಾ ಲೋಟ ಹಿಡಿಯುವಾಗಲೂ ಅದೇ ನಡುಕ ಬರುತ್ತಿತ್ತು. ಆದರೆ ಅವನು ಚಾ ಕುಡಿಯುವುದನ್ನು ನೋಡಲು ಯಾರು ಬರುತ್ತಾರೆ!

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ ಬಿಟ್ಟು ಪಡುವಲಿಗೆ ಇಳಿದರೆ ಸಿಗುವ ಊರು. ವರ್ಷಕ್ಕೊಮ್ಮೆ ಅಮ್ಮನವರ ಕಳಸ ಗುಡಿಯಿಂದ ಹೊರಟು ಮನೆಮನೆಗೆ ಬರುತ್ತದೆ. ತಾಮ್ರದ ಕೊಡ, ಬಾಯಿಗೆ ತೆಂಗಿನಕಾಯಿ, ಸುತ್ತ ಅಡಿಕೆಯ ಸಿಂಗಾರದ ಹೂ. ಅದನ್ನು ತಲೆಯ ಮೇಲೆ ಹೊರುವ ಹಕ್ಕು ಗುನಗರ ಮನೆಯದು, ಊರಿಗೆ ಮಡಕೆ ಮಾಡಿಕೊಡುವವರೂ ಅವರೇ. ಹೊತ್ತವನ ಮೈ ತೂಗಬೇಕು, ಹೆಜ್ಜೆ ತೊಡರಬೇಕು, ಆಗ 'ಭಾರ ಬಂತು' ಎಂದು ಜನ ಕೈ ಮುಗಿಯುತ್ತಾರೆ. ಬೇರೆ ಊರುಗಳಲ್ಲಿ ಡೋಲು ನಿಂತೊಡನೆ ಭಾರವೂ ಇಳಿದುಹೋಗುತ್ತದೆ. ಈ ಮನೆಯವರಿಗೆ ಒಮ್ಮೆ ಬಂದರೆ ಮತ್ತೆ ಇಳಿಯುವುದಿಲ್ಲ. ಅದೇ ಅವರ ಹೆಚ್ಚುಗಾರಿಕೆ. ಅಜ್ಜ ಕುಪ್ಪನಿಗೆ ತಲೆ ಹಣ್ಣಾದ ಮೇಲೆ ಬಂದದ್ದು, ಅಪ್ಪ ನಾಗನಿಗೆ ನಡುವಯಸ್ಸಿನಲ್ಲಿ ಬಂತು, ಮಾಬ್ಲನಿಗೆ ಮಗ ಶಾಲೆಗೆ ಹೋಗುವ ಹೊತ್ತಿಗೇ ಬಂತು. "ತಾಯಿಗೆ ಈ ಮನೆ ಮೇಲೆ ಪ್ರೀತಿ ಹೆಚ್ತಾ ಬಂದದೆ ಕಾಣಿ" ಎಂದು ಗುಡಿಯ ಮೊಕ್ತೇಸರ ದುರ್ಗಪ್ಪ ನಾಯ್ಕ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದ.

ಕಳಸ ಹೊರುವವನಿಗೆ ಕಟ್ಟುಗಳೂ ಇದ್ದವು. ಡಾಕ್ಟರರ ಮದ್ದು ಮುಟ್ಟಬಾರದು. ಸೀಮೆ ದಾಟಿ ರಾತ್ರಿ ಉಳಿಯಬಾರದು. ಮದುವೆಯಾಗದವನು ಕಳಸಕ್ಕೆ ತಲೆ ಕೊಡುವಂತಿಲ್ಲ, ಆದ್ದರಿಂದ ಹೊಸಬನಿಗೆ ಹೆಣ್ಣು ಹುಡುಕುವುದು ಊರಿನದೇ ಜವಾಬ್ದಾರಿ. ಹೊಸಬನನ್ನು ಒಪ್ಪಿಸುವ ಕ್ರಮವೂ ಒಂದು ತೆರ. ಅವನು ಅಂಗೈಯಲ್ಲಿ ಸಿಂಗಾರದ ಹೂ ಹಿಡಿದು ಹಳಬನ ಮುಂದೆ ಮೊಣಕಾಲೂರಬೇಕು. ಹಳಬ ಬಾಯಿಂದ ಮೂರು ಸಲ 'ಬೇಡ' ಎನ್ನಬೇಕು, ಊರು ಮೂರು ಸಲ 'ಕೊಡು ತಾಯೀ' ಎಂದು ಬೇಡಬೇಕು. ಬಾಯಿಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ, ತೀರ್ಮಾನ ಕೈಯದು. ಹಳಬನ ಕೈ ಹುಡುಗನ ತಲೆ ಮುಟ್ಟಿದರೆ ಗಟ್ಟಿಯಾಯಿತು. ಅಂಗೈಯ ಹೂವನ್ನು ತೆಗೆದುಕೊಂಡುಬಿಟ್ಟರೆ ಆ ಹೆಸರು ಅಲ್ಲಿಗೇ ಬಿತ್ತು, ಮತ್ತೆ ಎತ್ತುವಂತಿಲ್ಲ. ಹೂ ತೆಗೆದುಕೊಂಡದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಮಾಬ್ಲನನ್ನು ಒಪ್ಪಿಸಿದ ದಿನ ಅವನಪ್ಪ ನಾಗ ಗಳಗಳ ಅತ್ತುಕೊಂಡು ಬೇಡ ಬೇಡ ಎಂದಿದ್ದ. ಅಷ್ಟು ಚಂದ ಬೇಡ ಎಂದವರೇ ಇಲ್ಲ ಎಂದು ಊರು ಇವತ್ತಿಗೂ ಕೊಂಡಾಡುತ್ತದೆ.

ಭಾರ ಬರುವ ಮೊದಲು ಮಾಬ್ಲ ಮಾಡುತ್ತಿದ್ದ ಮಡಕೆಯನ್ನು ನೋಡಬೇಕಿತ್ತು. ಕುಮಟೆಯ ಸಂತೆಯಲ್ಲಿ ಹೆಂಗಸರು ಅವನ ಗಡಿಗೆಯನ್ನೇ ಕೇಳಿ ಕೊಳ್ಳುತ್ತಿದ್ದರು, ಮೀನಿನ ಪಳದಿ ಅದರಲ್ಲಿ ಕುದ್ದರೆ ರುಚಿಯೇ ಬೇರೆಯಂತೆ. ತಿಗರಿ ತಿರುಗಿಸಿ ಮಣ್ಣಿಗೆ ಹೆಬ್ಬೆರಳು ಒತ್ತಿದನೆಂದರೆ ಅವನ ಕಣ್ಣು ಎಲ್ಲೋ, ಮಾತು ಎಲ್ಲೋ, ಗಡಿಗೆ ತನ್ನಷ್ಟಕ್ಕೆ ಎದ್ದು ಬರುತ್ತಿತ್ತು. ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಅಂಚು ಸೊಟ್ಟಗಾಗತೊಡಗಿತು. ಮೊದಮೊದಲು ಸೊಟ್ಟ ಗಡಿಗೆಯನ್ನೂ ತಾಯಿ ಮುಟ್ಟಿದ್ದು ಎಂದು ಜನ ಕೊಂಡರು, ಪಳದಿ ಒಲೆಗೆ ಚೆಲ್ಲತೊಡಗಿದ ಮೇಲೆ ಬಿಟ್ಟರು. ದೇವರ ಮೇಲೆ ಭಕ್ತಿ ಬೇರೆ, ಸಾರಿನ ಮೇಲೆ ಆಸೆ ಬೇರೆ ನೋಡಿ. ಮಾಬ್ಲ ತಿಗರಿಯನ್ನು ಗೋಡೆಗೆ ಒರಗಿಸಿಟ್ಟ. ಹೆಂಡತಿ ದೇವಿ ಬಸಳೆ, ಹರಿವೆ ಮಾರಿ ಮನೆ ನಡೆಸಿದಳು. ಮಗ ನಿತ್ಯಾನಂದ ಹೊನ್ನಾವರ-ಕುಮಟೆ ನಡುವೆ ಬಾಡಿಗೆ ಟೆಂಪೋ ಓಡಿಸಲು ಕಲಿತ.

ಅಷ್ಟಕ್ಕೇ ಮುಗಿದಿದ್ದರೆ ಮಾಬ್ಲ ಅದನ್ನು ದೇವರೆಂದುಕೊಂಡೇ ಸಾಯುತ್ತಿದ್ದನೇನೋ. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಕಾಲು ತಪ್ಪಿ ತಲೆಯೊಡೆದುಕೊಂಡು ಪ್ರಜ್ಞೆ ತಪ್ಪಿದ. ನಿತ್ಯಾನಂದ ಕಟ್ಟು ಗಿಟ್ಟು ಯಾವುದನ್ನೂ ಕೇಳದೆ ಅಪ್ಪನನ್ನು ಟೆಂಪೋದಲ್ಲಿ ಮಲಗಿಸಿ, ದೇವಿಯನ್ನೂ ಕೂರಿಸಿಕೊಂಡು, ಭಟ್ಕಳ ದಾಟಿ, ತೆಂಕಣದ ದೊಡ್ಡ ಆಸ್ಪತ್ರೆಗೆ ಹೊಡೆದ. ತಲೆಯ ಪೆಟ್ಟು ಸಣ್ಣದೇ ಆಗಿತ್ತು. ಆದರೆ ತಲೆಯ ಫೋಟೋ ನೋಡಿದ ಡಾಕ್ಟರ್ ದೀಪಾ ಎಂಬ ಹುಡುಗಿ, ನಾಲ್ಕು ದಿನ ಇರಿಸಿಕೊಂಡಳು.

"ನಿಮ್ಮ ಮೂಗು ಮುಟ್ಟಿ. ಈಗ ನನ್ನ ಬೆರಳು ಮುಟ್ಟಿ. ಮತ್ತೆ ಮೂಗು" ಎಂದಳು. ಮಾಬ್ಲನ ಬೆರಳು ಅವಳ ಬೆರಳನ್ನು ದಾಟಿ ಅವಳ ಕನ್ನಡಕಕ್ಕೆ ತಾಗಿತು. ಗೆರೆ ಹಿಡಿದು ನಡೆಯಿರಿ ಎಂದರೆ ಕಾಲು ಅಗಲಿಸಿ ಗೋಡೆ ಹಿಡಿದುಕೊಂಡ. ಒಂದು ಹಿಮ್ಮಡಿಯನ್ನು ಇನ್ನೊಂದು ಮೊಣಕಾಲಿನಿಂದ ಕೆಳಕ್ಕೆ ಜಾರಿಸಿ ಎಂದರೆ ಹಿಮ್ಮಡಿ ಹಾಸಿಗೆಗೇ ಬಿತ್ತು. ನಿತ್ಯಾನಂದ ಹೊರಗೆ ಟೆಂಪೋ ಕಾಯುತ್ತಿದ್ದ. ಗಂಡ ಹೆಂಡತಿ ಇಬ್ಬರನ್ನೇ ಕೂರಿಸಿ ಅವಳು ಫೋಟೋ ಬೆಳಕಿಗೆ ಹಿಡಿದಳು.

"ಇದು ದೊಡ್ಡ ಮೆದುಳು. ಇದು ಸರಿಯಾಗಿದೆ, ನಿಮ್ಮ ಬುದ್ಧಿಗೆ ಏನೂ ಆಗಿಲ್ಲ. ಇದರ ಕೆಳಗೆ, ಹಿಂದಲೆಯಲ್ಲಿ, ಕುತ್ತಿಗೆಗಿಂತ ಸ್ವಲ್ಪ ಮೇಲೆ, ಇಲ್ಲಿ ನೋಡಿ. ಇದಕ್ಕೆ ಕಿರುಮೆದುಳು ಅಂತಾರೆ."

ದೇವಿ ಮುಂದೆ ಬಾಗಿ ನೋಡಿದಳು. ಸುರುಳಿ ಸುತ್ತಿದ ಪತ್ರೊಡೆಯನ್ನು ಅಡ್ಡಕ್ಕೆ ಕೊಯ್ದರೆ ಎಲೆಯ ಗೆರೆ, ಹಿಟ್ಟಿನ ಗೆರೆ, ಮತ್ತೆ ಎಲೆಯ ಗೆರೆ ಕಾಣುತ್ತದಲ್ಲ, ಹಾಗೆ ಮಡಿಕೆ ಮಡಿಕೆ. "ಪತ್ರೊಡೆ ಕಂಡ ಹಂಗೆ ಅದೆ ತಂಗಿ" ಎಂದಳು.

"ಹೌದು, ಪದರ ಪದರವೇ. ಎರಡು ಪಕ್ಕ, ನಡುವೆ ಒಂದು ಸಣ್ಣ ದಂಡೆ. ಬಲದ್ದು ಬಲಗೈ ಬಲಗಾಲು ನೋಡಿಕೊಳ್ಳುತ್ತೆ, ಎಡದ್ದು ಎಡಕ್ಕೆ, ನಡುವಿನದು ಮೈ ನೆಟ್ಟಗೆ ನಿಲ್ಲಿಸುತ್ತೆ. ಇಷ್ಟು ಸಣ್ಣ ಜಾಗದಲ್ಲಿ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶ ತುಂಬಿಕೊಂಡಿರುತ್ತೆ. ಲೋಟ ತಗೋ ಅಂತ ಹೇಳೋದು ದೊಡ್ಡ ಮೆದುಳು. ಕೈ ಎಷ್ಟು ಚಾಚಬೇಕು, ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ನಿಲ್ಲಬೇಕು ಅಂತ ನೋಡೋದು ಇದು. ಕೈ ಹೋಗ್ತಾ ಇರುವಾಗಲೇ ತಪ್ಪನ್ನು ತಿದ್ದುತ್ತಾ ಇರುತ್ತೆ. ಮಾತಾಡುವಾಗ ನಾಲಿಗೆಗೂ ಹಾಗೇ, ನೋಡುವಾಗ ಕಣ್ಣಿಗೂ ಹಾಗೇ. ನೀವು ವರ್ಷಗಟ್ಟಲೆ ಕಲಿತ ಮಡಕೆ ಕೆಲಸ ಕೈಗೆ ತಾನಾಗಿ ಬರ್ತಿತ್ತಲ್ಲ, ಅದೂ ಇದರದ್ದೇ ಉಪಕಾರ. ನಿಮ್ಮದು ಒಣಗುತ್ತಾ ಬಂದಿದೆ. ಶಕ್ತಿ ಇದೆ, ತಿದ್ದುವವರಿಲ್ಲ."

ಮಾಬ್ಲ ಫೋಟೋದತ್ತ ಬಾಗಿ ಬಾಯಿ ತೆರೆದ. ಮಾತಾಡುವುದೂ ಆಗಲೇ ಕಷ್ಟವಾಗಿತ್ತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಒಂದು ಜೋರಾಗಿ ಒಂದು ಮೆಲ್ಲಗೆ ಹೊರಬೀಳುತ್ತಿತ್ತು. "ನನ್... ಅಪ್ಪ... ನೂ..." ಎಂದ.

ಅವಳು ಅಪ್ಪನ ನಡಿಗೆ ಕೇಳಿದಳು, ಅಜ್ಜನ ಮಾತು ಕೇಳಿದಳು. ದೇವಿ ಎಲ್ಲದಕ್ಕೂ ಹೌದು ಹೌದು ಎಂದಳು. ರಕ್ತ ಪರೀಕ್ಷೆಗೆ ಕೊಟ್ಟದ್ದೂ ಅದನ್ನೇ ಹೇಳಿತು. ಮನೆತನದಲ್ಲಿ ಇಳಿದು ಬರುವ ಕಾಯಿಲೆ. ತಡೆಯುವ ಮದ್ದು ಇಲ್ಲ, ವ್ಯಾಯಾಮ ಮಾಡಿದರೆ ಬೀಳುವುದು ಸ್ವಲ್ಪ ಕಡಿಮೆಯಾದೀತು. ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಮೇಲಿನವರಿಗಿಂತ ಕೆಳಗಿನವರಿಗೆ ಬೇಗ ಬರುವುದೂ ಉಂಟು. "ಮಗನಿಗೆ ಹೇಳಿ. ಮದುವೆಗೆ ಮೊದಲು ಅವರಿಗೆ ಗೊತ್ತಿರಬೇಕು" ಎಂದಳು.

ಬೇಗ ಬರುವುದೂ ಉಂಟು! ದುರ್ಗಪ್ಪ ನಾಯ್ಕ ತಾಯಿಯ ಪ್ರೀತಿ ಎಂದು ಎದೆಯುಬ್ಬಿಸಿ ಹೇಳಿಕೊಂಡು ಬಂದದ್ದು ಇದನ್ನೇ. ಶರಾವತಿಯ ಸೇತುವೆ ದಾಟುವಾಗ ಮಾಬ್ಲನಿಗೆ ಇದು ಹೊಳೆಯಿತು. ತಾಯಿ ತನ್ನ ಮೈಮೇಲೆ ಬಂದೇ ಇರಲಿಲ್ಲ. ಅಪ್ಪನ ಮೈಮೇಲೂ ಇಲ್ಲ, ಅಜ್ಜನ ಮೈಮೇಲೂ ಇಲ್ಲ. ಇಷ್ಟು ವರ್ಷ ಊರು ಕಾಲಿಗೆ ನೀರು ಹೊಯ್ದದ್ದು ಒಣಗಿದ ಒಂದು ಮುಷ್ಟಿ ಮೆದುಳಿಗೆ. ಅದಿರಲಿ, ಹೋದವರು ಹೋದರು. ಮುಂದೆ ಕೂತು ಹಾರ್ನ್ ಹೊಡೆಯುತ್ತಾ ಟೆಂಪೋ ಓಡಿಸುತ್ತಿದ್ದ ಮಗನ ಹಿಂದಲೆಯನ್ನು ಅವನು ಮನೆ ಮುಟ್ಟುವವರೆಗೂ ನೋಡುತ್ತಲೇ ಇದ್ದ.

ಆಸ್ಪತ್ರೆಗೆ ಹೋದ ತಪ್ಪಿಗೆ ಊರವರು ಮಾಬ್ಲನಿಗೆ ಶುದ್ಧಿ ಮಾಡಿಸಿ ಕಳಸವನ್ನು ಮತ್ತೆ ಅವನ ತಲೆಗೇ ಏರಿಸಿದರು. ಮಗನಿಗೆ ಮಾತ್ರ ಗಂಡ ಹೆಂಡತಿ ಇಬ್ಬರೂ ಹೇಳಲಿಲ್ಲ. ಬರದಿದ್ದರೆ ಯಾಕೆ ಹೇಳಿ ಹೆದರಿಸುವುದು ಎಂದು ದೇವಿ, ನೋಡೋಣ ಎಂದು ಮಾಬ್ಲ. ನೋಡುವುದೇ ಅವನ ಕಸುಬಾಯಿತು. ಸೂಜಿಗೆ ದಾರ ಪೋಣಿಸಿಕೊಡು ಎನ್ನುವನು. ಸಣ್ಣ ಬಾಯಿಯ ಶೀಶೆಗೆ ಎಣ್ಣೆ ಹೊಯ್ಯಿ ಎನ್ನುವನು. ಒಮ್ಮೆ ಊಟಕ್ಕೆ ಕೂತವನಿಗೆ "ಮೂ...ಗು ಮುಟ್ಟು" ಎಂದ. "ಎಂತ ಆತು ಅಪ್ಪ ನಿಂಗೆ? ನಾನೆಂತ ಬಾಲವಾಡಿ ಪೋರನಾ?" ಎಂದು ಮಗ ನಗುತ್ತಲೇ ಮೂಗು ಮುಟ್ಟಿಕೊಂಡ. ಬೆರಳು ನೇರ ಹೋಗಿ ನಿಂತಿತು. ಮಾಬ್ಲ ಆ ದಿನ ಎರಡು ತುತ್ತು ಹೆಚ್ಚು ಉಂಡ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಜಗುಲಿಯ ಕಂಬ ಹಿಡಿದು ನಿಂತಿದ್ದ. ನಿತ್ಯಾನಂದ ಮೊದಲ ಟ್ರಿಪ್ಪಿಗೆ ಹೊರಟು ಟೆಂಪೋ ಹತ್ತಿ ಕೂತು ಕೀ ಚಾಚಿದ. ಕೀ ತೂತಿನ ಎಡಕ್ಕೆ ತಾಗಿತು, ಬಲಕ್ಕೆ ತಾಗಿತು, ಮೇಲಕ್ಕೆ ತಾಗಿತು. ಮಗ ಅತ್ತಿತ್ತ ನೋಡಿ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕೀಯನ್ನು ಒಳಗೆ ನೂಕಿದ. ಹಾಗೆ ಮಣಿಕಟ್ಟು ಹಿಡಿದುಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ. ಮಾಬ್ಲನೂ ಅದನ್ನು ತಾನಾಗಿಯೇ ಕಲಿತದ್ದು. ಅವನು ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡ.

ಸಂಜೆ ಮಗ ಬಂದವನೇ ಕೈಕಾಲು ತೊಳೆದು ಅಪ್ಪನ ಕಾಲಿಗೆ ಬಿದ್ದ. ಅವನ ಮುಖದಲ್ಲಿ ಅಂಥ ಬೆಳಕನ್ನು ಮಾಬ್ಲ ಕಂಡೇ ಇರಲಿಲ್ಲ. "ಅಪ್ಪಾ, ತಾಯಿ ನನ್ನ ಹಿಡಿದ್ಲು. ಒಂದು ತಿಂಗಳಾತು. ದುರ್ಗಪ್ಪಣ್ಣ ಇವತ್ತು ನನ್ನ ಕೈ ಕಂಡ್ರು. ಚಾ ಅಂಗಡಿಯಲ್ಲಿ ಎಲ್ಲರೆದುರು ಎದ್ದು ನಿಂತು ಕೈ ಮುಗಿದ್ರು. ನನಗೆ!" ಎಂದ. ಬಾಡಿಗೆ ಟೆಂಪೋದ ಡ್ರೈವರನಿಗೆ ಅದುವರೆಗೆ ಯಾರೂ ಎದ್ದು ನಿಂತಿರಲಿಲ್ಲ.

ದೇವಿಯೇ ಪೆಟ್ಟಿಗೆಯಿಂದ ಆಸ್ಪತ್ರೆಯ ಫೋಟೋ ತಂದು ಮಗನ ಮುಂದೆ ಹಿಡಿದು, ಅಳುತ್ತಾ, ಪತ್ರೊಡೆಯಿಂದ ಹಿಡಿದು ಅರ್ಧಕ್ಕರ್ಧದವರೆಗೆ ಎಲ್ಲ ಹೇಳಿದಳು. ನಿತ್ಯಾನಂದ ಪೂರ್ತಿ ಕೇಳಿದ.

"ಇದಕ್ಕೆ ಮದ್ದು ಅದ್ಯಾ ಆಯಿ?"

"ಇಲ್ಲ ಮಗಾ."

"ಮತ್ತೆ ಎಂತಕ್ಕೆ ಅದನ್ನ ಕಾಯಿಲೆ ಅನ್ನೂದು? ಕಾಯಿಲೆ ಅಂದ್ರೆ ನಾಳೆಯಿಂದ ಟೆಂಪೋ ಕೊಡೂದಿಲ್ಲ, ಹೆಣ್ಣು ಕೊಡೂದಿಲ್ಲ. ಮೂಲೆಯಲ್ಲಿ ಬಿದ್ದಿರಬೇಕು. ತಾಯಿ ಅಂದ್ರೆ ಊರೇ ಹೊತ್ತುಕೊಂಡು ತಿರುಗ್ತದೆ. ನಡುಗೂದು ಎರಡಕ್ಕೂ ಒಂದೇ ಅಲ್ವಾ?"

ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತೀರಿ? ಆದರೆ ದುರ್ಗಪ್ಪ ನಾಯ್ಕ ಆಗಲೇ ಬೆಳಕೆ ಊರಿನ ಕಡೆ ಚಂದನಾ ಎಂಬ ಹುಡುಗಿಯನ್ನು ನೋಡಿ ಬಂದಿದ್ದ. ಒಪ್ಪಿಸಿದ ತಿಂಗಳೊಳಗೆ ಮದುವೆ. ಆ ಹುಡುಗಿ ಹೆರುತ್ತಾಳೆ, ಆ ಮಗುವಿನ ಬೆರಳೂ ಒಂದು ದಿನ ಮೂಗು ತಪ್ಪುತ್ತದೆ, ಇನ್ನೂ ಬೇಗ. ಆಗ ಊರು ಅದಕ್ಕೂ ಕೈ ಮುಗಿಯುತ್ತದೆ. ಮಗನಿಗೆ ಬಂದದ್ದು ಬಂತು, ಅದನ್ನು ಯಾರೂ ತೆಗೆಯಲಾರರು. ಹೂವನ್ನು ತೆಗೆಯಬಹುದು. ಅಂಗೈಯ ಹೂ ತೆಗೆದುಕೊಂಡರೆ ಕಳಸ ಇಲ್ಲ, ಕಳಸ ಇಲ್ಲದಿದ್ದರೆ ಊರು ನಿಂತು ಮಾಡಿಸುವ ಮದುವೆಯೂ ಇಲ್ಲ. ಮಗ ಆಮೇಲೆ ಶಾಪ ಹಾಕಿದರೆ ಹಾಕಲಿ.

ದೇವಿ ಎದುರು ಕೂತು ಅಂಗೈಯಲ್ಲಿ ಬಸಳೆಯ ಕುಡಿ ಹಿಡಿಯುವಳು, ಮಾಬ್ಲ ಅದನ್ನು ತೆಗೆಯುವನು. ದಿನವೂ ಇದೇ ಅಭ್ಯಾಸ. ಡಾಕ್ಟರ್ ದೀಪಾ ಹೇಳಿಕೊಟ್ಟಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಅವಸರ ಮಾಡದೆ, ಮಣಿಕಟ್ಟಿಗೆ ಭಾರದ ಕಡಗ ಹಾಕಿಕೊಂಡು. ಮೊದಮೊದಲು ಕೈ ದೇವಿಯ ಭುಜಕ್ಕೆ, ಕಿವಿಗೆ, ಕುಂಕುಮಕ್ಕೆ ಹೋಗಿ ಬಡಿಯಿತು. "ನಿಧಾನ, ನಿಧಾನ" ಎಂದು ಅವಳು ಅಲ್ಲಾಡದೆ ಕೂರುತ್ತಿದ್ದಳು. ಬರಬರುತ್ತಾ ಕುಡಿ ಬೆರಳಿಗೆ ಸಿಗತೊಡಗಿತು. ಒಪ್ಪಿಸುವ ಹಿಂದಿನ ದಿನ ಅವನು ಒಂದು ಸಲವೂ ತಪ್ಪಲಿಲ್ಲ. ದೇವಿ ನಕ್ಕಳು, ಎಷ್ಟೋ ಕಾಲದ ಮೇಲೆ.

ಆದರೆ ದೇವಿ ಎದುರು ಕೂತಿದ್ದಳು, ಅವನೂ ಗೋಡೆಗೆ ಒರಗಿ ಕೂತಿದ್ದ. ಗುಡಿಯಲ್ಲಿ ನಿಲ್ಲಬೇಕು. ಆ ದಿನ ಅಂಗಳ ತುಂಬ ಜನ, ಕಿವಿ ಒಡೆಯುವ ಡೋಲು. ಮೊಣಕಾಲೂರಿದ ನಿತ್ಯಾನಂದ ತಲೆ ಬಗ್ಗಿಸಿ ಎರಡೂ ಅಂಗೈ ಜೋಡಿಸಿ ಸಿಂಗಾರದ ಹೂ ಹಿಡಿದಿದ್ದ. ಹೂವಿನ ಎಸಳು ಅವನ ಕೈಯಲ್ಲಿ ಸಣ್ಣಗೆ ಅದುರುತ್ತಿತ್ತು, ಅದನ್ನು ಕಂಡ ಹೆಂಗಸರು ಗಲ್ಲ ಬಡಿದುಕೊಂಡರು. ಮಾಬ್ಲನ ಮಣಿಕಟ್ಟಿನ ಕಡಗವನ್ನು, ದೇವರೆದುರು ಕಬ್ಬಿಣ ಆಗದು ಎಂದು, ದುರ್ಗಪ್ಪ ನಾಯ್ಕ ತಾನೇ ಬಿಚ್ಚಿ ತೆಗೆದಿಟ್ಟ.

"ಕೊಡು ತಾಯೀ!" ಎಂದಿತು ಊರು.

"ಬೇ...ಡ" ಎಂದ ಮಾಬ್ಲ. "ಇದು ತಾ...ಯಿ ಅಲ್ಲ. ಕಾ...ಯಿ...ಲೆ. ನನ್ನ ತ...ಲೆ ಒಳ...ಗೆ ಒಣ...ಗಿ ಹೋ...ಗದೆ. ಅಂವ...ಗೂ ಅದೇ. ಅಂವ...ಗೆ ಮದು...ವೆ ಮಾಡ್ಬೇ...ಡಿ."

ಒಂದೊಂದು ಮಾತೂ ಎಲ್ಲರಿಗೂ ಕೇಳಿಸಿತು, ತಿಳಿಯಿತು. ದುರ್ಗಪ್ಪ ನಾಯ್ಕನ ಕಣ್ಣಲ್ಲಿ ನೀರು ಬಂತು. "ಆಹಾ, ಎಂಥಾ ಬೇಡ ಅಂದೆ ಮಾರಾಯಾ, ನಿನ್ನ ಅಪ್ಪನೂ ಹೀಂಗೇ ಅಂದಿದ್ದ" ಎಂದು ಕೈ ಮುಗಿದು, "ಕೊಡು ತಾಯೀ!" ಎಂದ. ಊರು ಇನ್ನೂ ಜೋರಾಗಿ ಕೂಗಿತು. ಮಾಬ್ಲ ಮತ್ತೆ ಹೇಳಿದ, ಜನ ಮತ್ತೆ ಬೇಡಿದರು. ಮೂರನೆಯ ಸಲ ಅವನ ಬಾಯಿಂದ ಬರೀ ಅಳು ಹೊರಟಿತು. ಡೋಲು ನಿಂತಿತು.

ಇನ್ನು ಕೈ. ಮಾಬ್ಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ. ನಿಧಾನ, ನಿಧಾನ ಎಂದು ಜನರ ನಡುವಿನಿಂದ ದೇವಿಯ ತುಟಿ ಅಲ್ಲಾಡುವುದು ಕಂಡಿತು. ಅವನು ಹೂವನ್ನೇ ನೋಡಿದ, ಹೂವಿಗೇ ಕೈ ಚಾಚಿದ. ಅರ್ಧ ದಾರಿ ಸರಿಯಾಗಿಯೇ ಹೋಯಿತು. ಹೂ ಹತ್ತಿರವಾಯಿತು, ಬೆರಳು ಬಡಿದುಕೊಳ್ಳತೊಡಗಿತು, ಬಡಿತಕ್ಕೆ ಮೈ ತೂಗಿತು, ಒರಗಲು ಗೋಡೆಯಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವವರು ಒಳಗೆ ಯಾರೂ ಇರಲಿಲ್ಲ. ಕೈ ಹೂವನ್ನು ಸವರಿಕೊಂಡು, ಅಂಗೈಯನ್ನು ದಾಟಿ ಮುಂದೆ ಹೋಗಿ, ಮಗನ ಬಗ್ಗಿದ ತಲೆಯ ಹಿಂಬದಿಗೆ ಬಿತ್ತು.

ಡೋಲು ಒಮ್ಮೆಲೇ ಮೊಳಗಿತು. "ಆತು! ಆತು! ತಾಯಿ ಒಪ್ಪಿದ್ಲು!" ಎಂದು ಅಂಗಳವೆಲ್ಲ ಎದ್ದು ನಿಂತಿತು. ನಿತ್ಯಾನಂದ ಖುಷಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮಾಬ್ಲನಿಗೆ ಆಗ, ಅಂಗಳದ ಅದೇ ಹಾಸುಗಲ್ಲಿನ ಮೇಲೆ ತಾನು ಹೀಗೇ ಮೊಣಕಾಲೂರಿದ್ದು ನೆನಪಾಯಿತು. ಅಪ್ಪನ ಬೆರಳು ಅಂದು ಮೊದಲು ತನ್ನ ಅಂಗೈಯ ಹೂವನ್ನು ಸವರಿತ್ತು. ಆಮೇಲೆ ತಲೆಗೆ ಬಂದಿತ್ತು. ಇಷ್ಟು ವರ್ಷ ಅದನ್ನು ಅವನು ಆಶೀರ್ವಾದ ಎಂದುಕೊಂಡಿದ್ದ.

ಕೈಯನ್ನು ಹಿಂದಕ್ಕೆ ತೆಗೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ತೆಗೆದು ಇನ್ನೇನಾಗಬೇಕಿತ್ತು? ಮಗನ ಹಿಂದಲೆಯ ಮೇಲೆ, ಕುತ್ತಿಗೆಗಿಂತ ಸ್ವಲ್ಪ ಮೇಲೆ, ಅದು ಸುಮ್ಮನೆ ಬಿದ್ದುಕೊಂಡಿತ್ತು. ಒಂದಿಷ್ಟೂ ನಡುಗುತ್ತಿರಲಿಲ್ಲ.